ಪ್ರಾಕ್ಸಿ ಇಲ್ಲದ ಭಾನುವಾರ

ನನ್ನ ಲ್ಯಾಪ್‌ಟಾಪಿನಲ್ಲಿ ಅಂಗೈ ಊರುವ ಜಾಗದಲ್ಲಿ ಒಂದು ಚೀಟಿ ಅಂಟಿಕೊಂಡಿದೆ. ಹಳೇ ಕ್ಯಾಲೆಂಡರಿನ ಹಿಂಬದಿಯಿಂದ ಕತ್ತರಿಸಿದ ಚೂರು. ನಾಲ್ಕು ಮೂಲೆಗೂ ಟೇಪು ಹಾಕಿದ್ದರೂ ಒಂದು ಮೂಲೆ ಎದ್ದು ನಿಂತು ದಿನಾ ನನ್ನ ಮಣಿಕಟ್ಟನ್ನು ಕೆರೆಯುತ್ತದೆ. ಅದರ ಮೇಲಿರುವುದು ಎರಡೇ ಸಾಲು: 'ಫ್ಯಾಕ್ಟರಿಗೆ ನಾಕನೇ ಬೊಟ್ಟು. ಮನೆಗೆ ಮೊದಲ್ನೇ ಬೊಟ್ಟು.' ಅಕ್ಷರ ಅವ್ವನದು.

ಕೆಲಸದ ಕಡೆ ಇದನ್ನು ಓದಿದವರು ತಲೆಗೊಂದು ಅರ್ಥ ಹೇಳುತ್ತಾರೆ. ಒಬ್ಬರು ಚೌಕಾಬಾರದ ನಿಯಮವೇ ಎಂದು ಕೇಳಿದರು. ಇನ್ನೊಬ್ಬರು ಯಾವುದೋ ಹರಕೆ ಇರಬೇಕೆಂದು ತಿಳಿದು, ಕೇಳಬಾರದ್ದನ್ನು ಕೇಳಿದವರಂತೆ ಸುಮ್ಮನಾದರು. ನಾನು ಯಾರಿಗೂ ಬಿಡಿಸಿ ಹೇಳಿಲ್ಲ. ಮನೆಯ ವಿಷಯವನ್ನು ಕೆಲಸದ ಜಾಗದಲ್ಲಿ ಹೇಳುವ ಅಭ್ಯಾಸ ನನಗಿಲ್ಲ. ಹಾಗೆ ನೋಡಿದರೆ ಕೆಲಸದ ವಿಷಯವನ್ನು ಮನೆಯಲ್ಲೂ ಹೇಳುವುದಿಲ್ಲ. ಎರಡೂ ಕಡೆಯವರು ನನಗೆ ಬಾಯೇ ಇಲ್ಲವೆಂದುಕೊಂಡಿದ್ದಾರೆ. ಒಂದು ಕಾಲದಲ್ಲಿ ನಮ್ಮ ಮನೆಯ ಅರ್ಧಕ್ಕರ್ಧ ಮಾತು ನನ್ನ ಬಾಯಿಂದಲೇ ಹೋಗಬೇಕಿತ್ತು ಎಂದರೆ ಅವರು ನಂಬಲಿಕ್ಕಿಲ್ಲ. ನೀವು ನಂಬಬೇಕಾದರೆ ಮೊದಲು ಬೊಟ್ಟಿನ ವಿಷಯ ಹೇಳಬೇಕು. ಈ ಚೀಟಿ ಅಂಟಿದ ದಿನ ಅವ್ವ ಒಂದು ಅರ್ಜಿ ಕಳಿಸಬೇಕಿತ್ತು, ಅದಕ್ಕೆ ಅದೇ ಕೊನೆಯ ದಿನವಾಗಿತ್ತು ಎನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ.

ನಾನು ನಂಜನಗೂಡಿನ ಹತ್ತಿರದ ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದವಳು. ಸೀಸೆಗಳಲ್ಲಿ ಬರುವ ನೀರನ್ನೂ ಪುಡಿಯನ್ನೂ ಪರೀಕ್ಷಿಸಿ, ಸರಿ ಇದೆ ಅಥವಾ ಸರಿ ಇಲ್ಲ ಎಂದು ಬರೆಯುವುದು ನನ್ನ ಕೆಲಸ. ಅಲ್ಲಿದ್ದ ಒಂದೇ ಕಂಪ್ಯೂಟರು ಗಾಣಕ್ಕೆ ಕಟ್ಟಿದ ಮುದಿ ಎತ್ತಿನ ಹಾಗೆ ಒಂದು ಯಂತ್ರಕ್ಕೆ ಅಂಟಿಕೊಂಡಿತ್ತು. ಹಾಗಾಗಿ ನನ್ನ ಲ್ಯಾಪ್‌ಟಾಪನ್ನೇ ತರಲು ಹೇಳಿದರು. ಮೊದಲ ದಿನ ತೆಗೆದುಕೊಂಡು ಹೋಗಿ ತೆರೆದರೆ ಇಂಟರ್‌ನೆಟ್ ಬರಲಿಲ್ಲ.

ನೆಟ್‌ವರ್ಕ್ ನೋಡಿಕೊಳ್ಳುವ ಮಹದೇವಸ್ವಾಮಿಯವರು ಬಂದರು. ಬೆಳಗಿನ ಸ್ನಾನ, ಹಣೆಯ ಮೇಲೆ ಒಣಗಿದ ಮೂರು ಪಟ್ಟೆ ವಿಭೂತಿ, ಕೈಯಲ್ಲೊಂದು ಟೀ ಲೋಟ.

“ಮೇಡಂ, ಇಲ್ಲಿಂದ ಯಾರೂ ನೇರವಾಗಿ ಆಚೆ ಹೋಗಂಗಿಲ್ಲ. ಎಲ್ಲಾರೂ ಪ್ರಾಕ್ಸಿ ಸರ್ವರ್ ಮೂಲಕಾನೇ ಹೋಗ್ಬೇಕು. ನೀವು ಕೇಳಿದ್ದನ್ನ ಅದು ಹೋಗಿ ತಂದುಕೊಡುತ್ತೆ. ಬೇಡ ಅನ್ಸಿದ್ರೆ ತರಲ್ಲ.”

“ನನಗೆ ಬೇಡ ಅನ್ನಿಸಿದರಾ?”

“ಅದಕ್ಕೆ.”

ಆಮೇಲೆ ಬ್ರೌಸರ್ ತೆರೆಸಿ ದಾರಿ ತೋರಿಸಿದರು. “ಮೂಲೇಲಿ ಮೂರು ಗೆರೆ ಇದೆ ನೋಡಿ,” ಎಂದು ಸಂದೇಹಕ್ಕೆ ಎಡೆಯಿಲ್ಲದಂತೆ ತಮ್ಮ ಹಣೆಯನ್ನೇ ಮುಟ್ಟಿ ತೋರಿಸಿದರು. “ಇದೇ ಥರ. ಅದನ್ನ ಒತ್ತಿ. ಸೆಟ್ಟಿಂಗ್ಸ್. ತಳಕ್ಕೆ ಹೋಗಿ, ಪೂರ್ತಿ ತಳಕ್ಕೆ. ನೆಟ್‌ವರ್ಕ್ ಸೆಟ್ಟಿಂಗ್ಸ್.” ಒಂದು ಚೌಕ ತೆರೆದುಕೊಂಡಿತು. ಅದರಲ್ಲಿ ಮೇಲಿಂದ ಕೆಳಕ್ಕೆ ಐದು ದುಂಡನೆಯ ಬೊಟ್ಟುಗಳು. ಮೊದಲನೆಯದನ್ನು ಒತ್ತಿದರೆ ಪ್ರಾಕ್ಸಿ ಬೇಡ, ನೇರವಾಗಿ ಹೋಗುತ್ತೇನೆ ಎಂದು. ನಾಲ್ಕನೆಯದನ್ನು ಒತ್ತಿದರೆ ಪ್ರಾಕ್ಸಿಯ ವಿಳಾಸವನ್ನು ನಾವೇ ಕೈಯಾರೆ ತುಂಬಬೇಕು. ಚುಕ್ಕೆಗಳಿಂದ ಬೇರೆಯಾದ ನಾಲ್ಕು ಸಂಖ್ಯೆ ಹೇಳಿದರು, ತುಂಬಿದೆ. ಪಕ್ಕದ ಪುಟ್ಟ ಚೌಕಕ್ಕೆ ಪೋರ್ಟ್ ಸಂಖ್ಯೆ ಹೇಳಿದರು, ತುಂಬಿದೆ. ಅದರ ಕೆಳಗೆ ಇನ್ನೊಂದು ಖಾಲಿ ಚೌಕ ಉಳಿದಿತ್ತು. ಖಾಲಿ ಚೌಕ ಬಿಟ್ಟು ಮುಂದೆ ಹೋಗುವುದು ನನ್ನಿಂದ ಆಗದ ಕೆಲಸ. ಇದಕ್ಕೇನು ಬರೆಯಬೇಕು ಎಂದು ಕೇಳಿದೆ.

“ಅದು ಪ್ರಾಕ್ಸಿ ಬೇಡದ ವಿಳಾಸಗಳಿಗೆ. ನಮ್ಮ ಒಳಗೇ ಇರೋವು, ರಿಪೋರ್ಟ್ ಹಾಕೋ ಪೇಜು, ರಜೆ ಅರ್ಜಿ ಪೇಜು. ಪಕ್ಕದ ರೂಮಿಗೆ ಹೋಗೋಕೂ ಮಧ್ಯೆ ಒಬ್ಬ ಬೇಕಾ ಮೇಡಂ?”

ಪಕ್ಕದ ಕೋಣೆಗೂ ಮಧ್ಯೆ ಒಬ್ಬರು ಬೇಕಾಗುವ ಮನೆಯಿಂದ ನಾನು ಬಂದಿದ್ದೇನೆ ಎಂದು ಮೊದಲ ದಿನವೇ ಹೇಗೆ ಹೇಳುವುದು?

ಅವತ್ತು ಸಂಜೆ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ, ಪ್ರಾಕ್ಸಿ ಸರ್ವರ್ ಸಂಪರ್ಕಕ್ಕೆ ಒಪ್ಪುತ್ತಿಲ್ಲ ಎಂಬ ಬರಹ. ಒಪ್ಪಲು ಅದು ಇರುವುದು ತಾಂಡ್ಯದಲ್ಲಿ, ನಾನಿರುವುದು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವಿನ ಊರಿನ ಜಗುಲಿಯಲ್ಲಿ. ಮತ್ತೆ ಮೂರು ಗೆರೆ, ಮತ್ತೆ ತಳ, ಮೊದಲನೇ ಬೊಟ್ಟು. ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ ತಾತ ಇದನ್ನೆಲ್ಲ ನೋಡಿ ಕೇಳಿದ.

“ಏನವ್ವ ಅದು, ಬೆಳಿಗ್ಗೆ ಒಂದ್ ಥರ, ಸಾಯಂಕಾಲ ಒಂದ್ ಥರ?”

ಆದಷ್ಟು ಸರಳವಾಗಿ ಹೇಳಿದೆ. ಅಲ್ಲಿ ಇಂಟರ್‌ನೆಟ್ ಯಾರಿಗೂ ನೇರವಾಗಿ ಸಿಗುವುದಿಲ್ಲ, ನಡುವೆ ಒಂದು ಯಂತ್ರವಿದೆ, ಅದು ಬಿಟ್ಟರೆ ಉಂಟು, ಬಿಡದಿದ್ದರೆ ಇಲ್ಲ.

“ಅಂದ್ರ ನೀರುಗಂಟಿ,” ಎಂದ ತಾತ.

ತಾತ ತನ್ನ ಆಯಸ್ಸಿನ ಮುಕ್ಕಾಲು ಪಾಲು ಕಾಲುವೆಯ ನೀರುಗಂಟಿಯಾಗಿದ್ದವನು. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಎಂದು ನೋಡಿ ತೂಬು ಎತ್ತಿ ಇಳಿಸುವ ಕೆಲಸ. ಗದ್ದೆಯವರು ಎಷ್ಟೇ ದೊಡ್ಡವರಿರಲಿ, ತಾವಾಗಿ ತೂಬಿಗೆ ಕೈ ಹಾಕುವಂತಿರಲಿಲ್ಲ.

“ಈ ನಂಬ್ರ ಯಾಕ?”

“ಇದು ಅದರ ವಿಳಾಸ ತಾತ. ಇದು ಪೋರ್ಟ್, ಅದರ ಯಾವ ಬಾಗಿಲಿಗೆ ಹೋಗಬೇಕು ಅಂತ.”

“ಕಾಲ್ವೆ ಎಸ್ರು, ತೂಬಿನ ನಂಬ್ರ. ಇದ ಕಲಿಯಾಕ ನಿಂಗ ಎಂ.ಎಸ್ಸಿ. ಬೇಕಾಯ್ತಾ?”

ಬಾಗಿಲ ಹಿಂದೆ ಅವ್ವ ನಕ್ಕಳು, ಸದ್ದು ಬಾರದ ಹಾಗೆ. ಆಮೇಲೆ ಅಲ್ಲಿಂದಲೇ, “ನಿಮ್ ತಾತಾರ್ನ ಕೇಳು, ಕಾಫಿ ಈಗ್ಲೇ ಬೇಕಾ ಅಂತ,” ಎಂದಳು. ನಾನು ಕೇಳಿದೆ. “ಬೇಕು ಅಂತ ಏಳು,” ಎಂದ ತಾತ. ನಾನು ಹೇಳಿದೆ. ಇಬ್ಬರ ನಡುವೆ ಇದ್ದದ್ದು ಒಂದು ಹೊಸ್ತಿಲು. ಇಬ್ಬರ ಕಿವಿಯೂ ನೆಟ್ಟಗಿತ್ತು.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇದು ಹೀಗೆ. ಸೊಸೆ ಮಾವನ ಎದುರು ನಿಂತು ಮಾತಾಡುವುದಿಲ್ಲ. ಮಾವನೂ ಸೊಸೆಯನ್ನು ನೇರವಾಗಿ ಏನೂ ಕೇಳುವುದಿಲ್ಲ. ಜಗಳವಿಲ್ಲ, ಮುನಿಸಿಲ್ಲ, ಅದು ಮರ್ಯಾದೆ. ತಟ್ಟೆ ಲೋಟ ಕೂಡ ಕೈಯಿಂದ ಕೈಗೆ ಹೋಗುವುದಿಲ್ಲ, ನೆಲದ ಮೇಲಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಉಳಿದ ಮನೆಗಳಲ್ಲಿ ನಡುವೆ ಅತ್ತೆ ಇರುತ್ತಾಳೆ, ನಾದಿನಿ ಇರುತ್ತಾಳೆ. ನಮ್ಮಲ್ಲಿ ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಅಪ್ಪ ಬಸ್ ಕಂಡಕ್ಟರು, ಅವನ ಮಾತೆಲ್ಲ ಪ್ರಯಾಣಿಕರ ಮೇಲೆ ಖರ್ಚಾಗಿ ಮನೆಗೆ ಬರುವಾಗ ನಿದ್ದೆಯೊಂದೇ ಉಳಿದಿರುತ್ತಿತ್ತು. ಹಾಗಾಗಿ ಮಾತು ಬಂದ ವರ್ಷವೇ ನನಗೆ ಈ ಕೆಲಸ ಸಿಕ್ಕಿತು.

ನಾನು ಪ್ರಾಮಾಣಿಕ ಪ್ರಾಕ್ಸಿಯಾಗಿದ್ದೆ ಎಂದು ಹೇಳಲಾರೆ. ಮೊದಮೊದಲು ಕೇಳಿದ್ದನ್ನು ಕೇಳಿದ ಹಾಗೆ ಸಾಗಿಸುತ್ತಿದ್ದೆ, ಆಮೇಲೆ ಸೋಮಾರಿತನ ಬಂತು. ತಾತ ದಿನಾ ಮಧ್ಯಾಹ್ನ, “ಏನ್ ಸಾರು ಕೇಳವ್ವ,” ಎನ್ನುತ್ತಿದ್ದ. ಒಂದು ದಿನ ನಾನು ಅಂಗಳದಲ್ಲಿ ಕುಂಟೆಬಿಲ್ಲೆಯ ಕೊನೆಯ ಮನೆಯಲ್ಲಿದ್ದೆ. ಒಳಗೆ ಹೋಗಿ ಕೇಳುವಷ್ಟು ವ್ಯವಧಾನವಿಲ್ಲದೆ, ಹಿಂದಿನ ದಿನದ ನೆನಪಿನ ಮೇಲೆ, “ಅವರೆಕಾಳು ಸಾರು,” ಎಂದು ಅಲ್ಲಿಂದಲೇ ಕೂಗಿದೆ. ತಾತ ಖುಷಿಯಾಗಿ ಎರಡು ಮುದ್ದೆಗೆ ಹೇಳಿದ. ಬಂದದ್ದು ಸೊಪ್ಪಿನ ಉಪ್ಸಾರು. ಎರಡನೇ ಮುದ್ದೆಯನ್ನು ಮುರಿಯುತ್ತ ನನ್ನನ್ನು ನೋಡಿ, “ನೆನ್ನೆ ಸಾರ ಇವತ್ತು ಯಾಕ ಉಣ್ಣಿಸ್ತೀಯ ಮಗ?” ಎಂದ. ಪ್ರಾಕ್ಸಿ ಸರ್ವರುಗಳೂ ಹೀಗೆಯೇ ನಿನ್ನೆ ತಂದ ಪುಟವನ್ನು ಇಟ್ಟುಕೊಂಡು ಇವತ್ತು ಕೇಳಿದವರಿಗೆ ಅದನ್ನೇ ಕೊಡುವುದುಂಟು ಎಂದು ಮಹದೇವಸ್ವಾಮಿಯವರು ಹೇಳಿದಾಗ ನನಗೆ ಆ ಯಂತ್ರದ ಮೇಲೆ ಕೋಪ ಬರಲಿಲ್ಲ.

ಸೋಮಾರಿತನದ ನಂತರ ಸ್ವಂತ ಬುದ್ಧಿ ಬಂತು. ಒಮ್ಮೆ ಅವ್ವನಿಗೆ, “ತಾತಂಗೆ ಒಬ್ಬಟ್ಟು ತಿನ್ನೋ ಆಸೆಯಂತೆ,” ಎಂದೆ. ತಾತನಿಗೆ, “ಅವ್ವ ಒಬ್ಬಟ್ಟು ಮಾಡ್ತಾಳಂತೆ, ಬೆಲ್ಲ ಬೇಕಂತೆ,” ಎಂದೆ. ಬೆಲ್ಲ ಬಂತು, ಒಬ್ಬಟ್ಟೂ ಆಯಿತು. ತಾತ, “ಚೆಂದಾಗದ ಅಂತ ಏಳು,” ಎಂದ. ಅವ್ವ, “ಇನ್ನೊಂದ್ ಬೇಕಾ ಕೇಳು,” ಎಂದಳು. ಇಬ್ಬರೂ ಇನ್ನೊಬ್ಬರ ಆಸೆ ತೀರಿಸಿದ ಸಮಾಧಾನದಲ್ಲಿದ್ದರು. ಮೂರನೆಯವಳು ಆರು ತಿಂದು ಮಲಗಿದಳು.

ಇಷ್ಟೇ ಆಗಿದ್ದರೆ ನಾನು ಈ ಕೆಲಸವನ್ನು ನಗುತ್ತಲೇ ನೆನೆಯಬಹುದಿತ್ತು. ಆದರೆ ಒಂದು ಮಾತು ಉಳಿದುಕೊಂಡಿದೆ.

ನನಗಾಗ ಆರು ವರ್ಷ. ಊರಿಗೆ ಅಂಗನವಾಡಿ ಬಂತು, ಟೀಚರ್ ಬೇಕಾಗಿತ್ತು. ಅವ್ವನ ತವರು ನರಸೀಪುರ. ಮದುವೆಗೆ ಮೊದಲು ಅಲ್ಲಿ ಪಿ.ಯು.ಸಿ. ಪಾಸು ಮಾಡಿದ್ದಳು, ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದಳು. ಒಂದು ದಿನ ರಾಗಿ ಹಿಟ್ಟು ಜರಡಿ ಹಿಡಿಯುತ್ತ, “ನಿಮ್ ತಾತಾರ್ನ ಕೇಳು, ಅವ್ವ ಅಂಗನವಾಡಿ ಕೆಲ್ಸುಕ್ಕ ಅರ್ಜಿ ಆಕ್ಲಾ ಅಂತ,” ಎಂದಳು. ನಾನು ಹೋದೆ, ಕೇಳಿದೆ, ಬಂದೆ. “ಬೇಡವಂತೆ,” ಎಂದೆ. ಅವ್ವನ ಕೈಲಿದ್ದ ಜರಡಿ ಒಂದು ಸಲ ನಿಂತು ಮತ್ತೆ ಅಲ್ಲಾಡಿತು. ನನಗೆ ಈಗಲೂ ನೆನಪಿರುವುದು ಅವಳ ಬೆನ್ನು. ಅದಾದ ಮೇಲೆ ಅವ್ವ ತನಗಾಗಿ ಏನನ್ನೂ ನನ್ನ ಕೈಲಿ ಕೇಳಿಸಲಿಲ್ಲ.

ದೊಡ್ಡವಳಾಗಿ ಮೈಸೂರಿನ ಹಾಸ್ಟೆಲಿಗೆ ಹೋದಾಗ ನನಗಿದ್ದ ದೊಡ್ಡ ಚಿಂತೆ ಈ ಇಬ್ಬರದು. ನಾನಿಲ್ಲದ ಮನೆ ಮೂಕವಾಗಿಬಿಡುತ್ತದೆ ಎಂದುಕೊಂಡಿದ್ದೆ. ದಸರಾ ರಜೆಗೆ ಬಂದು ನೋಡಿದರೆ ಅವರು ನನ್ನ ಜಾಗಕ್ಕೆ ಕರುವನ್ನು ನೇಮಿಸಿಕೊಂಡಿದ್ದರು. ತಾತ ಜಗುಲಿಯ ಕಂಬಕ್ಕೆ ಕಟ್ಟಿದ್ದ ಹೋರಿಗರುವಿನ ಕತ್ತು ತುರಿಸುತ್ತ, “ಏನ್ಲಾ, ಇನ್ನೂ ಕಾಫಿ ಆಗ್ನಿಲ್ವಂತಾ?” ಎನ್ನುತ್ತಿದ್ದ. ಒಳಗಿಂದ ಅವ್ವ, “ಆಲು ಒಲೆ ಮ್ಯಾಲದ ಕಣೋ, ತಂದ್ಕೊಡ್ತೀನಿ,” ಎಂದು ಅದೇ ಕರುವಿಗೆ ಉತ್ತರ ಕೊಡುತ್ತಿದ್ದಳು. ನನಗೆ ಸ್ವಲ್ಪ ಅವಮಾನವಾಯಿತು. ಒಪ್ಪಬೇಕಾದದ್ದೆಂದರೆ, ಕರು ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುತ್ತಿತ್ತು. ಅದು ಯಾರ ಮಾತನ್ನೂ ತಿದ್ದುತ್ತಿರಲಿಲ್ಲ.

ಈಗ ಅರ್ಜಿಯ ವಿಷಯ. ನಾನು ಕೆಲಸಕ್ಕೆ ಸೇರಿದ ಮೇಲೆ ಸಂಜೆ ಹೊತ್ತು ಅವ್ವ ಲ್ಯಾಪ್‌ಟಾಪಿನ ಹತ್ತಿರ ಬಂದು ಕೂರತೊಡಗಿದಳು. ಮೊದಮೊದಲು ಸೀರೆ ಕುಚ್ಚು ಕಟ್ಟುವ ವೀಡಿಯೊ. ಆಮೇಲೆ ಒಂದು ಸಂಜೆ, “ಮನೇಲೇ ಓದಿ ಬಿ.ಎ. ಮಾಡ್ಬೋದಂತಲ್ಲ, ಅದ ನೋಡು,” ಎಂದಳು. ನೋಡಿದೆ. ದೂರಶಿಕ್ಷಣ, ಭಾನುವಾರ ನರಸೀಪುರದಲ್ಲಿ ತರಗತಿ, ಉಳಿದದ್ದು ಮನೆಯಲ್ಲಿ ಓದು. ಅವ್ವ ಟ್ರಂಕಿನಿಂದ ಅಂಕಪಟ್ಟಿ ತೆಗೆದಳು. ಪ್ಲಾಸ್ಟಿಕ್ ಕವರು ಹಳದಿಯಾಗಿತ್ತು, ಕಾಗದ ಬಿಳಿಯಾಗಿಯೇ ಇತ್ತು. ಫೋಟೊ ತೆಗೆಸಿದೆವು. ಅಪ್ಪ, “ಓದು, ಒಳ್ಳೇದೇ. ಅಪ್ಪಯ್ಯನ್ನ ಒಂದ್ ಮಾತು ಕೇಳ್ಬುಡು,” ಎಂದು ಬ್ಯಾಗು ನೇತುಹಾಕಿಕೊಂಡು ತನ್ನ ಬಸ್ಸಿಗೆ ಹೊರಟುಹೋದ.

ಅವ್ವ ನನ್ನ ಮುಖ ನೋಡಿದಳು. “ನಿಮ್ ತಾತಾರ್ನ ಒಂದ್ ಮಾತು ಕೇಳು ಮಗ. ಅವ್ರು ಊಂ ಅಂದ್ರ ಓಗ್ತೀನಿ.”

ಕೇಳುತ್ತೇನೆ ಎಂದೆ. ಆದರೆ ಕೇಳಲಿಲ್ಲ. ಸೋಮವಾರ ತಾತನಿಗೆ ಮಂಡಿ ನೋವಿತ್ತು. ಬುಧವಾರ ಯಾರೋ ನೆಂಟರಿದ್ದರು. ಶುಕ್ರವಾರ ಏನೂ ಇರಲಿಲ್ಲ, ಜಗುಲಿಯವರೆಗೂ ಹೋದೆ, “ಎಲೆ ಅಡಿಕೆ ಇದೆಯಾ ತಾತ?” ಎಂದು ಕೇಳಿ ವಾಪಸು ಬಂದೆ. ಇನ್ನೊಂದು 'ಬೇಡ'ವನ್ನು ಒಳಗೆ ಹೊತ್ತುಕೊಂಡು ಹೋಗುವ ಧೈರ್ಯ ನನಗಿರಲಿಲ್ಲ. ಒಬ್ಬಟ್ಟಿನ ಉಪಾಯವೂ ಹೊಳೆಯಿತು: ಕೇಳದೆಯೇ, “ಊಂ ಅಂದ್ರು,” ಎಂದುಬಿಟ್ಟರೆ? ಆದರೆ ಬಿ.ಎ. ಒಬ್ಬಟ್ಟಲ್ಲ. ಮೂರು ವರ್ಷದ ಭಾನುವಾರಗಳನ್ನು ಒಂದು ಸುಳ್ಳಿನ ಮೇಲೆ ನಿಲ್ಲಿಸುವುದು ಹೇಗೆ? ಅವ್ವ ದಿನಾ ಸಂಜೆ ನನ್ನನ್ನು ನೋಡುತ್ತಿದ್ದಳು. ಕೇಳಿದೆಯಾ ಎನ್ನುತ್ತಿರಲಿಲ್ಲ. ಅವಳದೂ ನನ್ನದೂ ಒಂದೇ ಸ್ವಭಾವ.

ಭಾನುವಾರ ಅರ್ಜಿಗೆ ಕೊನೆಯ ದಿನ. ಅವತ್ತೇ ನನಗೆ ಪಾಳಿ ಬಿತ್ತು. ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು, “ಎಲ್ಲಾ ತುಂಬಿಡು, ಸಾಯಂಕಾಲ ಬಂದು ತಾತನ್ನ ಕೇಳಿ ಕಳಿಸೋಣ,” ಎಂದು ಹೊರಟೆ. ಐದು ಗಂಟೆಗೆ ಅರ್ಜಿ ಮುಚ್ಚುತ್ತದೆ ಎನ್ನುವ ಸಾಲನ್ನು ನಾನು ಓದಿರಲಿಲ್ಲ. ಸೀಸೆಯ ಮೇಲಿನ ಚೀಟಿಯನ್ನು ಮೂರು ಸಲ ಓದುವವಳು ನಾನು.

ಮೂರೂವರೆಗೆ ಅವ್ವನ ಫೋನ್ ಬಂತು. ಅವ್ವ ಗಾಬರಿಯಾದರೆ ದನಿ ಇನ್ನಷ್ಟು ಸಣ್ಣಗಾಗುತ್ತದೆ.

“ಮಗ, ಅಯ್ದು ಗಂಟೆಗೇ ಮುಚ್ತಾರಂತೆ ಕಣೆ, ನನ್ ಫೋನಲ್ಲಿ ಮೆಸೇಜ್ ಬಂತು. ತುಂಬಾವ ಅಂತ ತೆಗುದ್ರೆ ಪ್ರಾಕ್ಸಿ ಒಪ್ತಾ ಇಲ್ಲ ಅಂತ ಬತ್ತಾ ಅದ. ನಾ ಏನೂ ಮುಟ್ನಿಲ್ಲ.”

ಶನಿವಾರ ದಣಿದು ಬಂದವಳು ಲ್ಯಾಪ್‌ಟಾಪನ್ನು ತೆರೆಯದೆ ಮಲಗಿದ್ದೆ. ಬೊಟ್ಟು ನಾಲ್ಕನೆಯದರಲ್ಲೇ ಉಳಿದಿತ್ತು. ದಾರಿ ಹೇಳತೊಡಗಿದೆ, ಮಾತು ಕತ್ತರಿಸಿತು. ನಮ್ಮ ಮನೆಯಲ್ಲಿ ಸಿಗ್ನಲ್ ಗಟ್ಟಿಯಾಗಿ ನಿಲ್ಲುವುದು ಜಗುಲಿಯಲ್ಲಿ ಮಾತ್ರ, ಒಳಗೆ ಬಂದು ಬಂದು ಹೋಗುತ್ತದೆ. ಅದೂ ಸಾಲದು: ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಬರುತ್ತಿದ್ದದ್ದು ಅವ್ವನ ಫೋನಿನಿಂದಲೇ, ಆ ಫೋನಿನಲ್ಲಿ ಮಾತಾಡುತ್ತ ಕೂತರೆ ಇಂಟರ್‌ನೆಟ್ ನಿಂತುಹೋಗುತ್ತಿತ್ತು. ಮನೆಯಲ್ಲಿ ಇನ್ನೊಂದು ಫೋನಿದ್ದದ್ದು ತಾತನ ಹತ್ತಿರ, ಗುಂಡಿಯೊತ್ತುವ ಪುಟ್ಟ ಫೋನು. ದಿನವಿಡೀ ರೇಡಿಯೊ ಕೇಳಿ ಕೇಳಿ ಅದರ ಸ್ಪೀಕರು ಒಡೆದಿತ್ತು. ಕಿವಿಗೆ ಹಿಡಿದವರಿಗೆ ಬಿಟ್ಟರೆ ಬೇರೆಯವರಿಗೆ ಕೇಳುತ್ತಿರಲಿಲ್ಲ.

“ಅವ್ವ, ಲ್ಯಾಪ್‌ಟಾಪೂ ನಿನ್ನ ಫೋನೂ ತಗೊಂಡು ಜಗುಲಿಗೆ ಹೋಗು,” ಎಂದೆ.

“ಜಗಲೀಲಿ ನಿಮ್ ತಾತಾರು ಅವ್ರೆ.”

“ಇರಲಿ. ಹೋಗು.”

ತಾತನಿಗೆ ಫೋನ್ ಮಾಡಿದೆ.

“ತಾತ, ಅವ್ವ ಅಲ್ಲಿಗೆ ಬಂದಳಾ?”

“ಬಂದ್ ಒಸ್ಲು ಮ್ಯಾಲೆ ಕೂತವ್ಳೆ. ಏನಾಯ್ತು?”

“ನಾನು ಹೇಳಿದ್ದನ್ನ ಹಂಗೇ ಅವ್ವಂಗೆ ಹೇಳು.”

“ನಾನಾ?”

“ನೀನೇ. ಕರು ಮಾರಿದ್ದೀಯಲ್ಲ.”

ತಾತ ಫೋನನ್ನು ನೆಲದ ಮೇಲಿಡಬಹುದಿತ್ತು. ಅವ್ವ ಎತ್ತಿಕೊಂಡು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮಾತಾಡಬಹುದಿತ್ತು. ಅದು ನಮ್ಮ ಮೂವರಿಗೂ ತಿಳಿದಿತ್ತು ಎಂದೇ ನನ್ನ ಲೆಕ್ಕ. ಯಾಕೆ ಇಡಲಿಲ್ಲ ಎಂದು ನಾನು ಇವತ್ತಿಗೂ ಕೇಳಿಲ್ಲ.

“ಮೂಲೆಯಲ್ಲಿ ಮೂರು ಗೆರೆ ಇದೆ, ಸ್ವಾಮಿಗಳ ಹಣೆ ಮೇಲಿನ ಪಟ್ಟೆ ಥರ. ಅದನ್ನ ಒತ್ತಬೇಕು,” ಎಂದೆ.

ತಾತ ಗಂಟಲು ಸರಿಮಾಡಿಕೊಂಡ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಸೊಸೆಗೆ ಅವನು ಆಡಿದ ಮಾತು ಇದು: “ಮೂಲೇಲಿ ಇಬೂತಿ ಪಟ್ಟೆ ಅದಂತೆ ಕಣವ್ವ. ಅದ ಒತ್ತು.”

“ಒತ್ತಿದೆ,” ಎಂದಿತು ಒಂದು ದನಿ, ದೂರದಲ್ಲಿ. ಮತ್ತೆ, ಇನ್ನೂ ಮೆಲ್ಲಗೆ, “ಒತ್ತಿದೆ ಮಾವ.”

ನಾನು ಪ್ರಯೋಗಾಲಯದ ಸಿಂಕಿನ ಪಕ್ಕ ನಿಂತು ಒಂದು ಕೈಯಲ್ಲಿ ಖಾಲಿ ಬೀಕರು ಹಿಡಿದಿದ್ದೆ. ಅದನ್ನು ಕೆಳಗಿಟ್ಟೆ.

ಸೆಟ್ಟಿಂಗ್ಸ್ ಎಂದೆ, ಹೋಯಿತು. ತಳಕ್ಕೆ ಎಂದೆ. “ಕೆಳಕ್ಕ ಓಗ್ಬೇಕಂತೆ, ಪೂರ್ತಿ ಕೆಳಕ್ಕ, ಕಾಲ್ವೆ ಕೊನೇಗಂಟ,” ಎಂದು ತಾತ ತನ್ನದನ್ನೂ ಸೇರಿಸಿದ. ಪ್ರಾಕ್ಸಿಗಳೆಲ್ಲ ಹೀಗೆಯೇ. ಐದು ಬೊಟ್ಟು ಕಂಡವು, ನಾಲ್ಕನೆಯದು ತುಂಬಿದೆ ಎಂದಳು ಅವ್ವ. ಮೊದಲನೆಯದು ಒತ್ತಲು ಹೇಳಿದೆ.

“ಮೊದ್ಲುನ್ ಬೊಟ್ಟು ಒತ್ತು. ಸುಮ್ನ ಅದು ನಡೂಗ ಯಾಕ, ನೇರವಾಗಿ ಓಗ್ಲಿ,” ಎಂದ ತಾತ.

ಪುಟ ತೆರೆದುಕೊಂಡಿತು. ಅವ್ವ, “ಬಂತು ಮಾವ,” ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಫೋನ್ ಇಡಬೇಕಿತ್ತು, ಇಡಲಿಲ್ಲ. ತಾತನಿಗೂ ಕಿವಿಯಿಂದ ತೆಗೆದ ಫೋನನ್ನು ಆರಿಸುವ ಅಭ್ಯಾಸವಿಲ್ಲ.

“ಏನರ್ಜಿ ಅದು?” ತಾತನ ದನಿ.

ನಾನು ವಾರವಿಡೀ ಹೊರಲಾರದೆ ಬಿಟ್ಟಿದ್ದ ಮಾತನ್ನು ಅವ್ವ ತಾನೇ ಎತ್ತಿಕೊಂಡಳು. “ಬಿ.ಎ. ಓದಾವ ಅಂತ, ಮಾವ. ಮನೇಲೇ ಓದಾದು. ಭಾನ್ವಾರ ಒಂದ್ ದಿನ ನರಸೀಪುರಕ್ಕ ಓಗ್ಬೇಕು. ನಿಮ್ನ ಕೇಳ್ದೆ ಕಳ್ಸಾದ್ ಬ್ಯಾಡ ಅಂತಿದ್ದೆ.”

“ಯಾವತ್ತು ಕೊನೆ?”

“ಇವತ್ತು. ಇನ್ನೊಂದ್ ಗಂಟೆ ಅದ.”

“ಮತ್ತ ಇಷ್ಟ್ ದಿನ ಯಾಕ ಏಳ್ನಿಲ್ಲ?”

“ಮಗ ಏಳ್ತಳ ಅಂತಿದ್ದೆ. ಆವತ್ತು ಅಂಗನವಾಡಿಗ ನೀವು ಬ್ಯಾಡ ಅಂದಿದ್ರಲ್ಲ, ಅದ್ಕ ನಂಗೂ ಎದ್ರಿಕೆ.”

“ನಾನೆಲ್ಲಿ ಬ್ಯಾಡ ಅಂದೆ?” ತಾತನ ದನಿ ಜೋರಾಯಿತು, ಕೋಪವಲ್ಲ, ಆಶ್ಚರ್ಯ. “ನೀ ಕೆಲ್ಸುಕ್ಕ ಓದ್ರ ಮಗೀನ ಯಾರ್ ನೋಡ್ಕತರ, ಕೇಳ್ಕಂಡ್ ಬಾ ಅಂದೆ. ಉತ್ರ ಬತ್ತದ ಅಂತ ಕೂತಿದ್ದೆ. ಬರ್ನೇ ಇಲ್ಲ. ನಿಂಗೇ 'ಬ್ಯಾಡ' ಅನ್ನುಸ್ತೇನೋ ಅಂತ ಸುಮ್ಮನಾದೆ.”

ಆರು ವರ್ಷದವಳೊಬ್ಬಳು ಜಗುಲಿಯಿಂದ ಒಲೆಯ ಹತ್ತಿರಕ್ಕೆ ಓಡುತ್ತಿದ್ದಾಳೆ. ಹೊತ್ತಿರುವುದು ಒಂದು ಪ್ರಶ್ನೆ. ಆ ಪ್ರಶ್ನೆ ಅವಳ ಬಗ್ಗೆಯೇ. ದಾರಿಯಲ್ಲಿ ಅದು ಅವಳಿಗೆ ಭಾರವಾಯಿತೋ, ಅವ್ವ ಮನೆ ಬಿಟ್ಟು ಹೋಗುತ್ತಾಳೆಂದು ಹೆದರಿದಳೋ, ಆಟದ ಅವಸರವೋ, ನನಗೆ ಗೊತ್ತಿಲ್ಲ. ಒಲೆಯ ಹತ್ತಿರ ಬರುವ ಹೊತ್ತಿಗೆ ಅದು ಒಂದೇ ಪದವಾಗಿತ್ತು. ತಾತ ನಿಜವಾಗಿ ಬೇಡವೆಂದಿದ್ದ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ.

ಆ ಕಡೆ ಇಬ್ಬರೂ ಫೋನನ್ನೇ ನೋಡುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ತಾತ ಅದನ್ನು ಕಿವಿಗೆ ಹಿಡಿದ.

“ಕೇಳ್ತಾ ಇದ್ದೀಯೇನವ್ವ?”

“ಇಲ್ಲಿ ಸಿಗ್ನಲ್ ಸರಿ ಇಲ್ಲ ತಾತ,” ಎಂದೆ.

“ಊಂ,” ಎಂದ ತಾತ. “ನಿಂಗ ಯಾವಾಗ ಸರಿ ಇತ್ತು?”

ಅವ್ವ ನಕ್ಕಳು. ಈ ಸಲ ಸದ್ದು ಬಂತು.

ಆಮೇಲೆ ತಾತ ಹೇಳಿದ್ದು ನನಗಲ್ಲ, ಆದರೂ ಕೇಳಿಸಿತು. “ತುಂಬವ್ವ, ತುಂಬು. ಕೊನೆ ಗದ್ದೇಗ ನೀರು ತಡವಾಗೇ ಓಗಾದು. ನಾನಿದ್ದಾಗ ಯಾವತ್ತೂ ಓಗ್ದೆ ಇದ್ದುದ್ದಿಲ್ಲ.” ಫೋನ್ ಅಲ್ಲಿಗೆ ಕತ್ತರಿಸಿತು. ನನ್ನ ಕಣ್ಣು ಉರಿಯುತ್ತಿತ್ತು. ಪ್ರಯೋಗಾಲಯದಲ್ಲಿ ಅದಕ್ಕೆ ಹತ್ತು ಕಾರಣ ಹೇಳಬಹುದು, ಯಾರೂ ಕೇಳಲಿಲ್ಲ.

ಅರ್ಜಿ ಐದಕ್ಕೆ ಮೊದಲೇ ಹೋಗಿತ್ತು. ನಾನು ಮನೆ ಸೇರುವಾಗ ಅವ್ವ ಕ್ಯಾಲೆಂಡರಿನ ಚೂರು ಕತ್ತರಿಸಿ ಚೀಟಿ ಬರೆದು ಅಂಟಿಸಿಯಾಗಿತ್ತು. “ನಿನ್ನ ನಂಬ್ಕಂಡಿದ್ರ ಆಯ್ತದಾ?” ಎಂದಳು. ಅಂಗನವಾಡಿಯ ವಿಷಯ ಎತ್ತಲಿಲ್ಲ. ನಾನೇ ಎತ್ತಿದೆ. ತಪ್ಪಾಯ್ತು ಅವ್ವ ಎಂದು ಹೇಳಲು ನನಗೆ ಎರಡು ದಿನ ಬೇಕಾಯಿತು. ಅವ್ವ ತೊಗರಿಬೇಳೆ ಆರಿಸುತ್ತಿದ್ದಳು. “ನಾನಾದ್ರೂ ಇನ್ನೊಂದ್ ಸಲ ಕೇಳ್ಬೋದಿತ್ತು. ಅವ್ರಾದ್ರೂ ಕೇಳ್ಬೋದಿತ್ತು. ಎಲ್ಲಾನೂ ಆರ್ ವರ್ಸದ್ ಮಗಿನ ಮ್ಯಾಲೆ ಒರ್ಸಿ ಕೂತಿದ್ವಲ್ಲ,” ಎಂದು ಒಂದು ಕಲ್ಲು ಹೆಕ್ಕಿ ಕಿಟಕಿಯಾಚೆ ಎಸೆದಳು.

ಒಂದೇ ದಿನಕ್ಕೆ ಮನೆ ಬದಲಾಯಿತು ಎಂದು ನಾನು ಹೇಳುವುದಿಲ್ಲ. ಅವ್ವ ಈಗಲೂ ಜಗುಲಿಯ ಮೇಲೆ ಕೂರುವುದಿಲ್ಲ, ಹೊಸ್ತಿಲ ಮೇಲೆ ಕೂರುತ್ತಾಳೆ. ತಾತ ಅವಳ ಜೊತೆ ಮಾತಾಡುವಾಗ ಎದುರಿನ ತೆಂಗಿನ ಮರವನ್ನು ನೋಡುತ್ತಾನೆ. ಹೊಸಬರು ಕಂಡರೆ ಮರಕ್ಕೆ ಬುದ್ಧಿ ಹೇಳುತ್ತಿದ್ದಾನೆ ಎಂದುಕೊಳ್ಳಬೇಕು. ಲೋಟ ಈಗಲೂ ನೆಲಕ್ಕೆ ಬಂದೇ ಮೇಲೇಳುತ್ತದೆ. ಆದರೆ ಸಂಜೆ ಅವ್ವ ಇತಿಹಾಸದ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾಳೆ, ತಾತ ಕೇಳಿಸಿಕೊಳ್ಳುತ್ತಾನೆ. ಯಾವುದೋ ರಾಜ ಕೆರೆ ಕಟ್ಟಿಸಿದ ಎಂದು ಬಂದರೆ, “ತೂಬು ಯಾರ್ ಕಾಯ್ತಿದ್ರಂತೆ, ಬರ್ದಿಲ್ವಾ?” ಎಂದು ಮರವನ್ನು ಕೇಳುತ್ತಾನೆ. “ಬರ್ದಿಲ್ಲ ಮಾವ,” ಎನ್ನುತ್ತಾಳೆ ಅವ್ವ. “ಪರೀಕ್ಸೇಲಿ ನೀನೇ ಬರಿ,” ಎನ್ನುತ್ತಾನೆ.

ನಾನು ದಿನಾ ಬೆಳಿಗ್ಗೆ ತಾಂಡ್ಯದಲ್ಲಿ ನಾಲ್ಕನೇ ಬೊಟ್ಟು ಒತ್ತುತ್ತೇನೆ, ಸಂಜೆ ಊರಿನಲ್ಲಿ ಮೊದಲನೆಯದು. ಚೀಟಿ ನೋಡದೆಯೂ ಒತ್ತಬಲ್ಲೆ. ಎದ್ದ ಮೂಲೆಗೆ ಹೊಸ ಟೇಪು ಹಾಕುವ ಮನಸ್ಸಾಗಿಲ್ಲ.

ಹೋದ ಭಾನುವಾರ ಅವ್ವನಿಗೆ ತರಗತಿ ಇತ್ತು. ನಮ್ಮೂರಿನ ತಿರುವಿನಲ್ಲಿ ನಿಲ್ಲುವ ಬಸ್ಸು ಸುತ್ತೂರಿನ ಮೇಲೆ ಬರುತ್ತದೆ. ಅದು ಬಂದದ್ದು ಜಗುಲಿಯಿಂದ ಕಾಣುತ್ತದೆ, ಒಳಗಿದ್ದವರಿಗೆ ಕಾಣುವುದಿಲ್ಲ. ತಾತ ಎಂಟಕ್ಕೇ ಕೋಲು ಹಿಡಿದು ಅಂಚಿಗೆ ಬಂದು ಕೂತಿದ್ದ. ನಾನು ಹಿತ್ತಲಿನಲ್ಲಿ ತಲೆಗೆ ನೀರು ಹಾಕಿಕೊಂಡು ಒರೆಸಿಕೊಳ್ಳುತ್ತಿದ್ದೆ.

“ಬಸ್ಸು ಬತ್ತಾದ ಕಣವ್ವ,” ಎಂದು ತಾತ ಕೂಗಿದ.

ಇಪ್ಪತ್ತು ವರ್ಷದ ಅಭ್ಯಾಸ. ಟವೆಲು ಸುತ್ತಿಕೊಂಡು, ನೀರು ಸುರಿಸುತ್ತ ನಡುಮನೆಗೆ ಓಡಿ ಬಂದೆ. “ಅವ್ವ, ಬಸ್ಸು ಬರ್ತಾ ಇದೆಯಂತೆ.”

ಅವ್ವ ಆಗಲೇ ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟುತ್ತಿದ್ದಳು, ಚೀಲದಲ್ಲಿ ಪುಸ್ತಕ, ಮೇಲೆ ನೀರಿನ ಬಾಟಲು.

“ಕೇಳ್ತು ಕಣೆ,” ಎಂದಳು. “ನಂಗೇ ಏಳಿದ್ದು.”